ಅವ್ವಾದ್ ಕಟ್ಟಿದ ಗಂಟು

ನವ್ವಾಫ್‌ನ ಗಾಡಿಯ ಸೀಟಿನ ಕೆಳಗೆ ಕೈ ತೂರಿಸಿ ನೀರಿನ ಕ್ಯಾನು ಎಳೆಯುತ್ತಿದ್ದ ದೈಫಲ್ಲಾನ ಬೆರಳಿಗೆ ಬಟ್ಟೆಯೊಂದು ಸಿಕ್ಕಿಕೊಂಡು ಬಂತು. ಕೆಂಪು ಬಟ್ಟೆ. ಹಾಕಿದ ಗಂಟು ಹಾಗೇ ಇತ್ತು, ಪಕ್ಕದಲ್ಲಿ ಚಾಕುವಿನಿಂದ ಕೊಯ್ದಿತ್ತು. ಎರಡು ಸುತ್ತು ಬಿಗಿದು ತುದಿಯನ್ನು ಒಳಗೆ ತುರುಕಿ ಗಂಟು ಹಾಕುವವನು ಇಡೀ ವಾದಿ ರಮ್ ಮರಳುಗಾಡಿನಲ್ಲಿ ಒಬ್ಬನೇ ಇದ್ದ. ಅವನನ್ನು ಈಗಷ್ಟೇ ಮಣ್ಣಿಗಿಳಿಸಿದ್ದರು.

"ಲೋ ದೈಫಲ್ಲಾ, ನೀರು ತರೋಕೆ ಅಕಬಾ ಪೇಟೆಗೆ ಹೋದ್ಯೇನೋ?" ಊರ ಹಿರಿಯ ಮಿಸ್ಲಿಹ್ ಗೋರಿಯ ಬಳಿಯಿಂದ ಕೂಗಿದ. "ನಿಮ್ಮಣ್ಣನ ಮೇಲಿನ ಮಣ್ಣು ಗಾಳಿಗೆ ಹಾರ್ತಿದೆ, ಬೇಗ ಬಾ."

ದೈಫಲ್ಲಾ ಬಟ್ಟೆಯನ್ನು ಜೇಬಿಗಿಳಿಸಿ ಕ್ಯಾನು ಹೊತ್ತುಕೊಂಡು ಹೋದ. ಗೋರಿಯ ತಲೆದೆಸೆಯಲ್ಲಿ ಪ್ರವಾಸಿ ಬಿಡಾರದ ಮಾಲೀಕ ನವ್ವಾಫ್ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಅವ್ವಾದ್ ನನಗೆ ತಂದೆ ಸಮಾನ. ಏನ್ಮಾಡೋದು, ದೇವರ ಇಚ್ಛೆ."

ದೈಫಲ್ಲಾನ ಮೈಯೆಲ್ಲ ಉರಿದುಹೋಯಿತು. ಗೋರಿಯ ಮುಂದೆ ಜಗಳ ಆಡಬಾರದೆಂದು ಹಲ್ಲು ಕಚ್ಚಿಕೊಂಡು ನೀರು ಚಿಮುಕಿಸಿದ. ದೇವರ ಇಚ್ಛೆಯಂತೆ! ದೇವರು ಯಾವಾಗಿನಿಂದ ಚಾಕು ಇಟ್ಟುಕೊಂಡು ಓಡಾಡುತ್ತಾನೆ?

*

ಇಪ್ಪತ್ತಮೂರು ವರ್ಷ ಅವ್ವಾದ್ ಆ ಬಿಡಾರದ ಮೆಕ್ಯಾನಿಕ್ ಆಗಿದ್ದ. ಬೆಳಗಾಗುತ್ತಲೇ ಗೋಣಿಚೀಲ ಹಾಸಿಕೊಂಡು ಹನ್ನೊಂದು ಜೀಪುಗಳ ಹೊಟ್ಟೆಯ ಕೆಳಗೂ ಮಲಗಿ ಏಳುತ್ತಿದ್ದ. ಏರ್ ಫಿಲ್ಟರ್ ಬಿಚ್ಚಿ ಮರಳು ಕೊಡವುತ್ತಿದ್ದ, ಕೀಲುಗಳಿಗೆ ಗ್ರೀಸ್ ತುಂಬುತ್ತಿದ್ದ. ಮರಳುಗಾಡು ಸುತ್ತಿ ಬಂದ ಗಾಡಿಯ ಒಂದೊಂದು ಚಕ್ರದ ನಡುವೆಯೂ ಅಂಗೈ ಇಟ್ಟು, ಮಗುವಿನ ಜ್ವರ ನೋಡುವಂತೆ, ಬಿಸಿ ನೋಡುತ್ತಿದ್ದ.

"ಬಂದ್ರಪ್ಪಾ, ಕಾಯಿಲೆ ಬರೋಕೆ ಮೊದ್ಲೇ ಮದ್ದು ಕೊಡೋ ಡಾಕ್ಟ್ರು!" ಎಂದು ಡ್ರೈವರ್‌ಗಳು ರೇಗಿಸುತ್ತಿದ್ದರು.

"ಕೆಟ್ಟ ಮೇಲೆ ಎಂಥ ದಡ್ಡನೂ ರಿಪೇರಿ ಮಾಡ್ತಾನೆ, ಸುಮ್ನಿರ್ರೋ" ಎನ್ನುತ್ತಿದ್ದ ಅವ್ವಾದ್.

ಗಾಡಿ ಸರಿಯಿಲ್ಲವೆನಿಸಿದರೆ ಸ್ಟೇರಿಂಗ್‌ಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಅದನ್ನು ಅವನೇ ಬಿಚ್ಚಬೇಕು. ಅಲ್ಲಿಯವರೆಗೆ ಎಂಥ ದೊಡ್ಡ ಮನುಷ್ಯ ಬಂದು ನಿಂತರೂ ಆ ಗಾಡಿ ಹೊರಡುವಂತಿರಲಿಲ್ಲ.

ಇಷ್ಟಾಗಿ ಅವನಿಗೆ ಸಿಕ್ಕಿದ ಮರ್ಯಾದೆ ಏನು? "ಗಾಡಿಗಳು ಕೆಡೋದೇ ಇಲ್ಲ. ಮತ್ತೆ ಇವನಿಗೆ ಇಲ್ಲೇನು ಕೆಲಸ?" ಎಂದು ನವ್ವಾಫ್ ಬಂದವರೆದುರಿಗೆಲ್ಲ ನಗುತ್ತಿದ್ದ. ಅವ್ವಾದ್‌ನ ಕಿವಿಗೆ ಬೀಳುವ ಹಾಗೆಯೇ ನಗುತ್ತಿದ್ದ.

*

ಮಧ್ಯಾಹ್ನ ಅವ್ವಾದ್‌ನ ಗುಡಾರ ತುಂಬಿತ್ತು. ಪರದೆಯ ಆಚೆ ಹೆಂಗಸರ ನಡುವೆ ಅವನ ಹೆಂಡತಿ ಫಿದ್ದಾ ಅಳುತ್ತಿದ್ದಳು. ಈಚೆ ಪರದೆಗೆ ತಾಗಿದಂತೆ, ಗೌರವದ ಜಾಗದಲ್ಲಿ, ಕ್ಷಮೆ ಕೇಳಲು ಬಂದ ಮೂವರು ಕುಳಿತಿದ್ದರು: ಮಿಸ್ಲಿಹ್, ನವ್ವಾಫ್, ಮತ್ತು ಅವ್ವಾದ್‌ನ ಮೇಲೆ ಗಾಡಿ ಹರಿಸಿದ ಡ್ರೈವರ್ ಸತ್ತಾಮ್. ಕಾಫಿ ಸುರಿದು ಮೂರು ಬಟ್ಟಲು ಇಟ್ಟಾಯಿತು. ಯಾರೂ ಮುಟ್ಟಲಿಲ್ಲ. ಕೇಳಿದ್ದು ಸಿಗುವ ತನಕ ಮುಟ್ಟುವಂತಿಲ್ಲ. ಮನೆಯವನು "ಕುಡಿಯಿರಿ" ಎಂದುಬಿಟ್ಟರೆ ಕ್ಷಮಿಸಿದಂತೆ, ಆಮೇಲೆ ಆ ಸಾವಿನ ಮಾತನ್ನು ಯಾರೂ ಎಲ್ಲಿಯೂ ಎತ್ತುವಂತಿಲ್ಲ.

"ಸತ್ತಾಮ್ ಕೈಯಿಂದ ಅನಾಹುತ ಆಗೋಯ್ತು" ಎಂದ ಮಿಸ್ಲಿಹ್. "ದೊಡ್ಡ ಮನಸ್ಸು ಮಾಡಪ್ಪ. ಕುಡೀರಿ ಅಂದ್ಬಿಡು."

ದೈಫಲ್ಲಾ ಸತ್ತಾಮ್‌ನ ಕಡೆ ತಿರುಗಿದ. "ಸ್ಟೇರಿಂಗ್ ಮೇಲೆ ಬಟ್ಟೆ ಇತ್ತೇನೋ?"

"ಇರ್ಲಿಲ್ಲ ಅಣ್ಣಾ, ನನ್ ಮಕ್ಕಳಾಣೆ! ಇದ್ದಿದ್ರೆ ಬಾಗ್ಲೇ ತೆಗೀತಿರ್ಲಿಲ್ಲ. ಯಜಮಾನ್ರೇ ಗಾಡಿ ತಂದು ಕೊಟ್ಟು, ಬಂಡೆ ಹತ್ರ ಪ್ರವಾಸಿಗರು ಕಾಯ್ತಿದ್ದಾರೆ ಹೋಗು ಅಂದ್ರು. ಬರೋವಾಗ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಪೆಡಲ್ ನೆಲಕ್ಕೇ ಹೋಗ್ಬಿಡ್ತು. ಕೆಳಗೆ ಅಂಗಳದಲ್ಲಿ ಅವ್ವಾದಣ್ಣ ಇನ್ನೊಂದು ಗಾಡಿ ಕೆಳಗೆ ಮಲಗಿದ್ರು. ಕೂಗ್ದೆ ಅಣ್ಣಾ, ಕೂಗ್ತಾನೇ ಇದ್ದೆ..."

"ಕುಡಿ ಸತ್ತಾಮ್" ಎಂದ ದೈಫಲ್ಲಾ. "ನಿನ್ನ ಮೇಲೆ ನಮಗೇನೂ ಇಲ್ಲ. ಮಿಸ್ಲಿಹ್ ದೊಡ್ಡಪ್ಪಾ, ನೀವೂ ಕುಡೀರಿ."

ಸತ್ತಾಮ್ ಬಿಕ್ಕುತ್ತಲೇ ಬಟ್ಟಲೆತ್ತಿದ. ನವ್ವಾಫ್ ಉಸಿರು ಬಿಟ್ಟು ತನ್ನ ಬಟ್ಟಲಿಗೆ ಕೈ ಚಾಚಿದ.

"ನೀನು ಮುಟ್ಬೇಡ."

ದೈಫಲ್ಲಾ ಜೇಬಿನಿಂದ ಕೆಂಪು ಬಟ್ಟೆ ತೆಗೆದು ಜಮಖಾನದ ಮೇಲೆ ಎಸೆದ. "ನಿನ್ನ ಗಾಡಿ ಸೀಟಿನ ಕೆಳಗೆ ಸಿಕ್ತು. ಬಿಚ್ಚೋಕೂ ಪುರುಸೊತ್ತಿರ್ಲಿಲ್ವಾ, ಕೊಯ್ದಿದೀಯ?"

ಪರದೆಯ ಆಚೆ ಫಿದ್ದಾಳ ಅಳು ನಿಂತಿತು.

"ನಿಮ್ಮಣ್ಣ ಮಾತೆತ್ತಿದ್ರೆ ಬಟ್ಟೆ ಕಟ್ಟೋನು" ಎಂದ ನವ್ವಾಫ್, ಮುಖ ಕೆಂಪೇರಿಸಿಕೊಂಡು. "ಇಪ್ಪತ್ತಮೂರು ವರ್ಷದಲ್ಲಿ ಒಂದಿನ ಆದ್ರೂ ಬ್ರೇಕ್ ಹೋಗಿತ್ತಾ? ಹೇಳು!"

"ಹೋಗಿರ್ಲಿಲ್ಲ. ಯಾಕೆ ಹೋಗಿರ್ಲಿಲ್ಲ ಅಂತ ಇವತ್ತಾದ್ರೂ ನಿನ್ನ ತಲೆಗೆ ಹೋಯ್ತಾ?"

ಮಿಸ್ಲಿಹ್ ಮುಂದೆ ಬಾಗಿ ದನಿ ತಗ್ಗಿಸಿದ. "ಕೋಪ ನುಂಗ್ಕೋ ಮಗಾ. ಊರಿನ ಹನ್ನೊಂದು ಮನೆ ಒಲೆ ಉರೀತಿರೋದು ಇವನ ಗಾಡಿಗಳಿಂದ. ನಿನ್ನ ಮನೇದೂ ಸೇರಿ. ನಾಳೆ ನಿನ್ನ ಹೆಣ್ಮಕ್ಕಳಿಗೆ ಏನು ತಿನ್ನಿಸ್ತೀಯ?"

ಆ ಮಾತು ನಾಟಿತು. ದೈಫಲ್ಲಾನಿಗೆ ಮೂವರು ಹೆಣ್ಣುಮಕ್ಕಳು. ಡ್ರೈವಿಂಗ್ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. "ಕುಡಿ" ಎನ್ನಲು ಒಂದು ಗಳಿಗೆ ಸಾಕಾಗಿತ್ತು. ಆದರೆ ಅವನು ಹಾಗೆನ್ನಲಿಲ್ಲ. ಎದೆಜೇಬಿನಿಂದ ತಾನು ಓಡಿಸುವ ಬಿಡಾರದ ಗಾಡಿಯ ಕೀಲಿ ತೆಗೆದು ನವ್ವಾಫ್‌ನ ತುಂಬಿದ ಬಟ್ಟಲಿನ ಪಕ್ಕದಲ್ಲಿಟ್ಟ.

"ತಿಳಿಗೇಡಿ" ಎಂದು ಮಿಸ್ಲಿಹ್ ತಲೆ ಚಚ್ಚಿಕೊಂಡ. ನವ್ವಾಫ್ ಕುಡಿಯುವಂತಿರಲಿಲ್ಲ, ಕುಡಿಯದೆ ಎದ್ದು ಹೋದರೆ ಊರೆಲ್ಲ ಆಡಿಕೊಳ್ಳುತ್ತಿತ್ತು. ತೊಡೆಯ ಮೇಲೆ ಕೈಯಿಟ್ಟು ಕೂತೇ ಇದ್ದ.

ಆಗ ಪರದೆಯ ಅಂಚು ಮೇಲೆದ್ದಿತು. ಬಳೆಯಿಲ್ಲದ ಕೈಯೊಂದು ಹೊರಗೆ ಬಂದು, ಯಾವ ಅವಸರವೂ ಇಲ್ಲದೆ, ಒಂದು ಹನಿಯೂ ಚೆಲ್ಲದಂತೆ ನವ್ವಾಫ್‌ನ ಮುಂದಿನ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋಯಿತು. ಕೀಲಿಯನ್ನು ಅಲ್ಲೇ ಬಿಟ್ಟಿತ್ತು.