ಹಿತ್ತಾಳೆಯ ಹಿಡಿ

"ಓರೆ ಮಾಡ್ರೋ, ಇನ್ನೂ ಸ್ವಲ್ಪ ಓರೆ," ಎಂದ ಕುಳ್ಳ ಗಾರೆಯವನು.

ಸತ್ತ ಮೇಸ್ತ್ರಿಯನ್ನು ಮಲಗಿಸಿದ್ದ, ಗೋಡೆ ಕಟ್ಟುವಾಗ ನಿಲ್ಲುವ ಸಾರುವೆ ಹಲಗೆಯ ಮೂಲೆ ಬಾಗಿಲಿನ ಹಿಡಿಗೆ ಸಿಕ್ಕಿಕೊಂಡಿತ್ತು. ಬಾಡಿಗೆ ಕೋಣೆಯ ತಗಡಿನ ಬಾಗಿಲಿಗೆ ಆ ಹಿಡಿ ತೀರ ದೊಡ್ಡದು.

"ಊರ ಬಾಗಿಲನ್ನೆಲ್ಲ ಅಳತೆ ಹಿಡಿದು ಕೂರಿಸ್ದ. ತಾನು ಹೊರಡೋ ಬಾಗಿಲೇ ಸಾಲ್ಲಿಲ್ಲ ನೋಡು," ಎಂದ ಅದೇ ಗಾರೆಯವನು.

ಯಾರೂ ನಗಲಿಲ್ಲ. ವಿಮಾನದ ಚೀಟಿ ನೇತಾಡುತ್ತಿದ್ದ ಪೆಟ್ಟಿಗೆಯನ್ನು ಕೈಬಿಡದೆ ನಿಂತಿದ್ದ ಮೇಸ್ತ್ರಿಯ ಮಗಳು ಮುಂದೆ ಬಂದಳು.

"ಇಲ್ಲಿಂದ ಬೇಡ. ಹೊಸ ಮನೆಗೆ ಕರ್ಕೊಂಡು ಹೋಗೋಣ. ಅಪ್ಪ ಅಲ್ಲಿಂದಲೇ ಹೊರಡ್ಲಿ."

"ಹೊತ್ತಾಗುತ್ತೆ ಅಕ್ಕ," ಎಂದ ತಮ್ಮ.

"ಆಗ್ಲಿ. ಕಂಡೋರ ತಾಯಂದಿರ ಮೈ ತೊಳೆದು ಕಳಿಸಿದ ದುಡ್ಡು ಕಣೋ ಅದು. ಒಂದು ಗಳಿಗೆಯಾದ್ರೂ ಆ ಮನೇಲಿ ಮಲಗ್ಲಿ. ಬೀಗದ ಕೈ ಎಲ್ಲಿ?"

ಹಲಗೆ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

*

ಹೊರದೇಶದಿಂದ ಮಗಳು ಕಳಿಸಿದ ಹಣ ಬಂದ ಸುದ್ದಿ ಮೇಸ್ತ್ರಿಯ ಫೋನಿಗೆ ತಲುಪುವ ಮೊದಲೇ ನೆಂಟರು ಮನೆ ತಲುಪುತ್ತಿದ್ದರು. ಮೊದಲು ಮಗನ ಅಂಗಡಿ. ಅದು ಮುಚ್ಚಿದ ಮೇಲೆ ಅಂಗಡಿಯ ಸಾಲ. ಆಮೇಲೆ ತಂಗಿಯ ಮಗಳ ಮದುವೆ, ಭಾವನ ಆಸ್ಪತ್ರೆ. "ಹೊರದೇಶದ ದುಡ್ಡು ಬರೋ ಮನೆ, ಇಲ್ಲ ಅಂತೀಯಾ?" ಎಂಬ ಒಂದೇ ಮಾತಿಗೆ ಅವನು ಎಣಿಸಿ ಕೊಟ್ಟುಬಿಡುತ್ತಿದ್ದ. ಹೊಸ ಮನೆಯ ಪಾಯ ಮಾತ್ರ ಪ್ರತಿ ಸಲವೂ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

"ಪಾಯ ಆಯ್ತಾ ಅಪ್ಪ?" ಎಂದು ಮಗಳು ಕೇಳಿದಾಗ ಅವನು ಬೇರೊಬ್ಬರ ಕೆಲಸದ ಜಾಗದಲ್ಲಿ ನಿಂತಿದ್ದ. ಅಲ್ಲಿ ತಾನೇ ಹಾಕಿದ ಪಾಯದ ಫೋಟೊ ಕಳಿಸಿದ. ಪಾಯ ಬಂದ ಮೇಲೆ ಗೋಡೆ ಏಳಲೇಬೇಕು. ಗೋಡೆ ಎದ್ದ ಮೇಲೆ ಸೂರು. ಬಣ್ಣ ಒಣಗಿದಾಗ ಆ ಮನೆಯ ಯಜಮಾನನ ಸಂಸಾರ ಒಳಗೆ ಹೋಯಿತು. "ನೀನು ಬಂದ್ಮೇಲೆನೇ ನಾವು ಹೋಗೋದು," ಎಂದ ಮೇಸ್ತ್ರಿ ಮಗಳಿಗೆ. ಅವಳು ಸಂತೋಷಪಟ್ಟು ಮುಂಬಾಗಿಲಿಗೆಂದು ಹಿತ್ತಾಳೆಯ ಹಿಡಿಯೊಂದನ್ನು ಕಳಿಸಿದಳು. ಅದನ್ನು ಕೂರಿಸಲು ಅವನಿಗಿದ್ದುದು ಒಂದೇ ಬಾಗಿಲು.

*

"ಮನೆ ಇಲ್ಲ ಅಕ್ಕ." ಹಲಗೆಯ ತುದಿ ತಮ್ಮನ ಹೆಗಲ ಮೇಲಿತ್ತು, ಅವನು ತಲೆ ಎತ್ತಲಿಲ್ಲ.

"ಮತ್ತೆ ಫೋಟೊ?"

"ಅಪ್ಪ ಕಟ್ಟಿದ್ದೇ. ಬೇರೆಯವರ ಮನೆ."

"ನಿಂಗೆ ಗೊತ್ತಿತ್ತು."

"ಆ ದುಡ್ಡು ಮೊದಲು ತಿಂದೋನೇ ನಾನು. ಯಾವ ಬಾಯಲ್ಲಿ ಹೇಳ್ಲಿ?"

ಸೋದರತ್ತೆ ಮೂಗು ಒರೆಸಿಕೊಂಡಳು. "ಹೆಣ ಮುಂದಿಟ್ಕೊಂಡು ಈ ಮಾತು ಯಾಕಮ್ಮ? ದುಡ್ಡು ಇವತ್ತು ಹೋಗುತ್ತೆ, ನಾಳೆ ನೀನು ಕಳಿಸಿದ್ರೆ ಬರುತ್ತೆ."

"ಇನ್ನು ಬರಲ್ಲ ಅತ್ತೆ. ಕೆಲಸ ಬಿಟ್ಟು ಬಂದಿದ್ದೀನಿ. ಮನೆ ಇದೆಯಲ್ಲ ಅಂತ."

ಅತ್ತೆಯ ಕೈ ಮೂಗಿನ ಹತ್ತಿರವೇ ನಿಂತಿತು.

"ಮನೆ ಪತ್ರ ಯಾರ ಹೆಸರಲ್ಲಿದೆ ಅಂತ ಕೇಳೋಕೆ ಎಷ್ಟೋ ಸಲ ನಾಲಿಗೆ ತುದಿಗೆ ಬಂತು," ಎಂದಳು ಮಗಳು, ಅಪ್ಪನ ಕಡೆಗೇ ನೋಡುತ್ತ. "ಹೆತ್ತಪ್ಪನ್ನೇ ನಂಬಲ್ಲ ಇವಳು ಅಂದ್ಕೊಳ್ತೀಯಲ್ಲ ಅಂತ ನುಂಗ್ಕೊಂಡೆ."

ಕುಳ್ಳ ಗಾರೆಯವನು ಮೆಲ್ಲನೆ, "ಎತ್ರಪ್ಪಾ," ಎಂದ. ಹಲಗೆ ಓರೆಯಾಗಿ ಬಾಗಿಲು ದಾಟಿತು.

ಕೊನೆಗೆ ಉಳಿದವಳು ಮಗಳು. ಬಾಗಿಲು ಎಳೆದುಕೊಳ್ಳಲು ಕೈ ಚಾಚಿದಾಗ, ತಾನು ಆರಿಸಿ ಕಳಿಸಿದ ಹಿಡಿಯನ್ನು ಗುರುತಿಸಿದಳು. ಅಂಗಡಿಯವರು ಸುತ್ತಿದ್ದ ತೆಳು ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಹಳದಿಯಾಗಿದ್ದ ಅದರ ಮೇಲೆ ಸಿಮೆಂಟಿನ ಬೆರಳಚ್ಚುಗಳು ಒಣಗಿದ್ದವು. ಒಳಗೆ ಹಿತ್ತಾಳೆ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.