ಅರ್ಧ ನಿಮಿಷದ ಮೌನ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಚಿಕ್ಕಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಲಿ. ಸದ್ದು ಹಿಡಿಯುವ ಕೆಲಸದವಳಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಧ್ವನಿ ಮುದ್ರಿಸುವ ಹೊತ್ತಿಗೇ ಯಾರೋ ಕೆಮ್ಮುತ್ತಾರೆ, ಕುರ್ಚಿ ಕಿರುಗುಟ್ಟುತ್ತದೆ, ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ರೆನ್ನುತ್ತದೆ. ನಾನು ಫ್ರಿಜ್ಜಿನ ಪ್ಲಗ್ಗನ್ನೇ ಕಿತ್ತುಬಿಡುತ್ತೇನೆ. ಹಾಲು ಒಡೆದರೆ ಚಿಕ್ಕಮ್ಮ ಎರಡು ದಿನ ಮಾತು ಬಿಡುತ್ತಾಳೆ. ಅದೂ ನನಗೆ ಅನುಕೂಲವೇ.

ಅವಳ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ನಡುವೆ ಗಾಜು, ಆಚೆ ಬದಿಯ ಗೋಡೆಗಳಿಗೆಲ್ಲ ಹಳೆಯ ರಜಾಯಿ, ಒಂದು ಕುರ್ಚಿ, ಒಂದು ಮೈಕು. ಹನ್ನೊಂದು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂರುತ್ತಿದ್ದವಳು ರೈಲ್ವೆ ಸ್ಟೇಷನ್ನಿನ ಅನೌನ್ಸರ್. ವಾರವಿಡೀ ‘ದಯವಿಟ್ಟು ಗಮನಿಸಿ’ ಎನ್ನುವ ಕಂಠ. ನಾನು ಅವಳನ್ನು ‘ಸ್ಟೇಷನ್ನೋರೇ’ ಎಂದು ಕರೆಯುತ್ತಿದ್ದೆ. ಸದಾ ತುಟಿಗೆ ಬೆರಳಿಟ್ಟುಕೊಂಡೇ ಇರುವ ನನಗೆ ಅವಳಿಟ್ಟ ಹೆಸರು ‘ಶ್ ಮೇಡಂ’.

ಕಂಪ್ಯೂಟರಿನಲ್ಲಿ ಆಡುವ ಒಂದು ಪ್ರೇಮಕಥೆಗೆ ಧ್ವನಿ ತುಂಬುವ ಕೆಲಸ ನಮ್ಮದು. ವಯಸ್ಕರಿಗೆ ಮಾತ್ರ. ಪರದೆಯ ಮೇಲೆ ಚಿತ್ರ ಬರುತ್ತದೆ, ಮಾತು ಕೇಳುತ್ತದೆ, ನಡುನಡುವೆ ಕಥೆ ನಿಂತು ಮುಂದೇನು ಎಂದು ಆಡುವವರನ್ನೇ ಕೇಳುತ್ತದೆ. ಅವರು ಒತ್ತಿದ ದಾರಿಯಲ್ಲಿ ಸಾಗುತ್ತದೆ. ಕಥೆಯಲ್ಲಿ ಇಬ್ಬರು ಹೆಂಗಸರು, ಒಬ್ಬಳು ಗಡಿಯಾರ ರಿಪೇರಿಯವಳು, ಇನ್ನೊಬ್ಬಳು ಅಂಚೆಯವಳು. ಅಂಚೆಯವಳ ಧ್ವನಿ ಇವಳದು. ಗಡಿಯಾರದವಳ ಮಾತನ್ನು ಬೇರೆಲ್ಲೋ ಬೇರೆ ಯಾರೋ ಮುದ್ರಿಸುತ್ತಿದ್ದರು. ಹಾಗಾಗಿ ಇವಳಿಗೆ ಎತ್ತಿಕೊಡಲು ಆ ಮಾತುಗಳನ್ನು ಗಾಜಿನ ಈಚೆಯಿಂದ ನಾನೇ ಓದುತ್ತಿದ್ದೆ. ದಿನಸಿ ಚೀಟಿ ಓದಿದ ಹಾಗೆ ಓದುತ್ತಿದ್ದೆ. ಬೇಕೆಂದೇ.

ಮುತ್ತಿನ ಸದ್ದು ಬೇಕಾದಾಗ ಅವಳು ತನ್ನದೇ ಮುಂಗೈಗೆ ಮುತ್ತಿಡುತ್ತಿದ್ದಳು. ಮೊದಲ ದಿನ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವಳು ಹೋದ ಮೇಲೆ ಆ ತುಣುಕನ್ನು ಕತ್ತರಿಸಲು ಕೂತೆ. ಮೂರು ಸಲ ಕೇಳಿದರೆ ಮುಗಿಯುವ ಕೆಲಸಕ್ಕೆ ಮೂವತ್ತು ಸಲ ಕೇಳಿದೆ. ಒಂದು ಮುಂಗೈಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಮಾತಿನ ನಡುವಿನ ಉಸಿರನ್ನು ಕತ್ತರಿಸಿ ಎಸೆಯುವುದು ನನ್ನ ಕಸುಬು. ಅವಳದನ್ನು ಎಸೆಯಲು ಕೈ ಬರಲಿಲ್ಲ, ಎಲ್ಲ ಇಟ್ಟುಕೊಂಡೆ. ಹಾಸಿಗೆಯ ದೃಶ್ಯ ಬಂದ ದಿನ ಅವಳು ನಾಚಿ ದೀಪ ಆರಿಸಲು ಹೇಳಿದಳು. ಕತ್ತಲಲ್ಲಿ ಅವಳ ಪಿಸುಮಾತು ನೇರ ನನ್ನ ಕಿವಿಯೊಳಗೆ. ನಲವತ್ತೊಂದರ ನನ್ನ ಮೈಯಲ್ಲಿ ಆಸೆ ಜ್ವರದ ಹಾಗೆ ಏರಿತು. ಬಾಯಿಬಿಟ್ಟು ಹೇಳಿದ್ದು ಮಾತ್ರ ಮುಂದಿನ ಸಾಲಿನ ನಂಬರು.

ಪ್ರತಿ ಸಲ ಕೊನೆಗೆ ಅರ್ಧ ನಿಮಿಷ ಬರೀ ಮೌನ ಮುದ್ರಿಸಬೇಕು. ಒಂದು ಕೋಣೆಯ ಮೌನ ಇನ್ನೊಂದರ ಹಾಗಿರುವುದಿಲ್ಲ. ಕತ್ತರಿಸಿದ ಜಾಗಕ್ಕೆ ಆ ಕೋಣೆಯದೇ ಮೌನದ ತೇಪೆ ಹಾಕಬೇಕು. ಆ ಅರ್ಧ ನಿಮಿಷ ಅವಳು ಅಲುಗಾಡದೆ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಆ ಮೌನ ಕೆಟ್ಟಿರಲಿಲ್ಲ.

ಕೊನೆಯ ಮುದ್ರಣಕ್ಕೆ ಒಂದು ವಾರ ಇದ್ದಾಗ ಅವಳು, ದೊಡ್ಡ ಜಂಕ್ಷನ್ನಿಗೆ ಬಡ್ತಿ ಬಂದಿದೆ ಎಂದಳು. ಹದಿನಾರು ಗಂಟೆಯ ದಾರಿ. ಬೇಡವೆಂದರೆ ಬಲವಂತವಿಲ್ಲ, ಬೇಕೆಂದರೆ ಮುಂದಿನ ಶನಿವಾರ ಸಂಜೆ ಐದರೊಳಗೆ ಒಪ್ಪಿಗೆ ಪತ್ರ ಕೊಡಬೇಕು. ಹೇಳಿ, ನನ್ನ ಮುಖ ನೋಡುತ್ತ ನಿಂತಳು. ನಾನು ಒಳ್ಳೆಯದಾಯಿತಲ್ಲ ಎಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಚಿಕ್ಕಮ್ಮನಿಗೆ ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ. ಸ್ಟೇಷನ್ನಿನವಳು ಹೋದ ಮೇಲೆ ಪಾತ್ರೆ ತೊಳೆಯುತ್ತ, ಇತ್ತ ತಿರುಗದೆ ಹೇಳಿದಳು: “ಅತ್ತರೇನೇ ಕಣೇ ಅಮ್ಮ ಹಾಲು ಕೊಡೋದು. ನೀನು ಹಾಲು ಒಡೆಸೋದ್ರಲ್ಲಿ ಮಾತ್ರ ಜಾಣೆ.”

ಕೊನೆಯ ಶನಿವಾರ ಅವಳು ಒಪ್ಪಿಗೆ ಪತ್ರದ ಲಕೋಟೆ ಹಿಡಿದೇ ಬಂದಳು. ಗಾಜಿನಾಚೆಗೆ ಕಾಗದ ಒಯ್ಯುವಂತಿಲ್ಲ. ಮೈಕು ಕಾಗದದ ಸರಸರವನ್ನು ಬಿಡುವುದಿಲ್ಲ, ಅದಕ್ಕೇ ಮಾತನ್ನೂ ಪರದೆ ನೋಡಿಯೇ ಓದುವುದು. ಹೊರಗಿಡಿ ಎಂದು ಗದರಿದೆ. ಮರೆತು ಹೋದರೆ ಕಷ್ಟ, ಅಲ್ಲಾಡಿಸುವುದಿಲ್ಲ ಎಂದು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಹಿ ಆಗಿದೆಯೇ ಎಂದು ಕೇಳಿದೆ. ಆಗಿದೆ ಎಂದಳು.

ಕೊನೆಯ ದೃಶ್ಯದಲ್ಲಿ ಅಂಚೆಯವಳು ಊರು ಬಿಡಲು ಬಾಗಿಲಲ್ಲಿ ನಿಂತಿದ್ದಾಳೆ. ಆಡುವವರು ‘ಸುಮ್ಮನಿರು’ ಒತ್ತಿದರೆ ಹೊರಡುತ್ತಾಳೆ, ‘ಹೋಗಬೇಡ ಅನ್ನು’ ಒತ್ತಿದರೆ ಉಳಿಯುತ್ತಾಳೆ. ಎರಡನ್ನೂ ಮುದ್ರಿಸಬೇಕು. ಹೊರಡುವುದು ಒಂದೇ ಸಲಕ್ಕೆ ಬಂತು. ಉಳಿಯುವುದು ಬರಲೇ ಇಲ್ಲ. ನಾನು ನನ್ನ ದಿನಸಿ ಧ್ವನಿಯಲ್ಲಿ ಹೋಗಬೇಡ ಎಂದು ಓದುತ್ತಿದ್ದೆ, ಅವಳ ಉತ್ತರ ಬಾಡಿದ ಸೊಪ್ಪಿನ ಹಾಗೆ ಬರುತ್ತಿತ್ತು. ಆರು ಸಲ ಆದ ಮೇಲೆ ಅವಳು ಪರದೆಯಿಂದ ಕಣ್ಣೆತ್ತಿದಳು.

“ನೀವು ಸರಿಯಾಗಿ ಹೇಳಿದ್ರೆ ತಾನೆ ನಾನು ಉಳ್ಕೊಳ್ಳೋದು.”

“ನಾನೇನು ನಟಿ ಅಲ್ಲ. ಬರೆದಿದ್ದು ಓದ್ತೀನಿ, ಅಷ್ಟೇ,” ಎಂದು ಸಿಡುಕಿದೆ.

ಹಾಗಾದರೆ ಆರನೆಯದನ್ನೇ ಇಟ್ಟುಕೊಳ್ಳಿ ಎಂದು ಅವಳು ಲಕೋಟೆಯ ಅಂಚನ್ನು ಸವರಿದಳು. ನಾಲ್ಕೂ ಇಪ್ಪತ್ತು. ಸ್ಟೇಷನ್ನಿಗೆ ಅರ್ಧ ಗಂಟೆ ಬೇಕು. ಇನ್ನು ಉಳಿದದ್ದು ಮೌನ ಒಂದೇ.

ಗುಂಡಿ ಒತ್ತಿದೆ. ಅವಳು ಎಂದಿನ ಹಾಗೆ ನನ್ನನ್ನು ನೋಡಿದಳು. ಆ ದಿನ ನಾನೂ ನೋಡಿದೆ. ಮುಂದಿನ ಶನಿವಾರ ಆ ಕುರ್ಚಿ ಖಾಲಿ. ಸ್ಟೇಷನ್ನಿಗೆ ಹೋದರೆ ಬೇರೆ ಯಾರದೋ ಕಂಠ. ನನಗೆ ಉಳಿಯುವುದು ಕತ್ತರಿಸಿಟ್ಟ ಒಂದಷ್ಟು ಉಸಿರು. ಅಷ್ಟರಿಂದ ಬದುಕಲು ನನ್ನಿಂದಾಗದು ಅನ್ನಿಸಿತು. ಮುದ್ರಣ ಓಡುತ್ತಿರುವಾಗಲೇ ನನ್ನ ಬೆರಳು ಗಾಜಿನಾಚೆಗೆ ಮಾತು ಕೇಳಿಸುವ ಗುಂಡಿ ಒತ್ತಿತು.

“ಹೋಗಬೇಡಿ,” ಎಂದೆ. ಧ್ವನಿ ಒಡೆಯಿತು. “ಇದು ಬರೆದಿದ್ದಲ್ಲ. ಹನ್ನೊಂದು ತಿಂಗಳಿಂದ ನಿಮ್ಮ ಮೇಲೆ ಜೀವ ಇಟ್ಕೊಂಡಿದೀನಿ. ಅಂಚೆಯವಳ ಮೇಲಲ್ಲ, ನಿಮ್ಮ ಮೇಲೆ.”

ಅವಳು ಅದೇ ಮುಂಗೈಯಿಂದ ಕಣ್ಣೊರೆಸಿಕೊಂಡಳು.

“ಮೌನ ಕೆಡಿಸಿಬಿಟ್ರಲ್ಲ ಶ್ ಮೇಡಂ. ಮತ್ತೆ ಮೊದಲಿಂದ ತಗೊಳ್ಳಿ.”

ಮತ್ತೆ ಗುಂಡಿ ಒತ್ತಿದೆ. ಆ ಎರಡನೆಯದು ಈಗಲೂ ನನ್ನ ಬಳಿ ಇದೆ. ತೇಪೆ ಹಾಕಲು ಕೆಲಸಕ್ಕೆ ಬಾರದ್ದು. ಹನ್ನೆರಡನೆಯ ಸೆಕೆಂಡಿಗೆ ಲಕೋಟೆ ಹರಿಯುವ ಸದ್ದು, ನಿಧಾನವಾಗಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹದಿನೆಂಟಕ್ಕೆ ಅಡುಗೆಮನೆಯಿಂದ ಚಿಕ್ಕಮ್ಮ ಹಾಲಿನ ಗತಿ ಏನಾಯಿತು ಎಂದು ಕೇಳುತ್ತಾಳೆ. ನಾನು ಯಾರಿಗೂ ಶ್ ಎನ್ನಲಿಲ್ಲ.