ಕಪ್ಪು ಕನ್ನಡಕದ ತರಾನಾ ಸೋಲಂಕಿ

ನನ್ನ ಅತ್ತೆ ಅಮ್ಮಾಜಿಯ ಕಣ್ಣಿನ ಪೊರೆ ತೆಗೆಸಿ ಒಂಬತ್ತು ದಿನವಾಗಿತ್ತು. ಇನ್ನು ಮೂರು ವಾರ ಬೆಳಕಿನಲ್ಲಿ ಕಪ್ಪು ಕನ್ನಡಕ ತೆಗೆಯಲೇಬಾರದೆಂದು ಡಾಕ್ಟರು ಹೇಳಿದ್ದರು. ನನ್ನ ಮಗಳು ವರ್ತಿಕಾಳನ್ನು ನೋಡಲು ಹಾಪುಡ್‌ನಿಂದ ಬರುವವರು ಅದೇ ಭಾನುವಾರ ಬರುತ್ತೇವೆಂದು ಫೋನ್ ಮಾಡಿದರು. ಮರುವಾರದಿಂದ ಖರ್‌ಮಾಸ. ಒಂದು ತಿಂಗಳು ಯಾವ ಶುಭಕಾರ್ಯದ ಮಾತನ್ನೂ ಎತ್ತುವಂತಿಲ್ಲ. ಹಾಗಾಗಿ ದಿನ ಮುಂದೂಡುವುದೂ ಸಾಧ್ಯವಿರಲಿಲ್ಲ.

ಅತ್ತೆಯ ಕನ್ನಡಕಕ್ಕೂ ಮಗಳ ಸಂಬಂಧಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನನಗೂ ಮದುವೆಯಾಗಿ ಮೂರನೇ ವರ್ಷದವರೆಗೆ ಗೊತ್ತಿರಲಿಲ್ಲ. ದೀಪಾವಳಿಗೆ ಅಟ್ಟ ಗುಡಿಸಲು ಹತ್ತಿದಾಗ ಎರಡು ಗೋಣಿಚೀಲ ಕಣ್ಣಿಗೆ ಬಿದ್ದವು. ಒಳಗೆ ಒರಟು ಕಾಗದದ ದಪ್ಪ ದಪ್ಪ ಕಾದಂಬರಿಗಳು. ಮುಂಬದಿಯಲ್ಲಿ ಸೆರಗು ಜಾರಿದ ಹೆಂಗಸು, ಹೊಗೆಯಾಡುವ ಪಿಸ್ತೂಲು. ಹಿಂಬದಿಯಲ್ಲಿ ಲೇಖಕಿಯ ಫೋಟೋ: ಬಿಚ್ಚಿದ ಕೂದಲು, ತೋಳಿಲ್ಲದ ರವಿಕೆ, ಕಪ್ಪು ಕನ್ನಡಕ, ಗಲ್ಲಕ್ಕೆ ಒತ್ತಿದ ಪೆನ್ನು. ಕೆಳಗೆ ಹೆಸರು, ಮಿಸ್ ತರಾನಾ ಸೋಲಂಕಿ. ಬೆಳಕಿಗೆ ಹಿಡಿದು ಎರಡನೇ ಸಲ ನೋಡಿದೆ. ಆ ಗಲ್ಲ, ಆ ಗಲ್ಲದ ಮೇಲಿನ ಮಚ್ಚೆ, ಕೆಳಗೆ ಅಂಗಳದಲ್ಲಿ ಕೂತು ಮೆಂತ್ಯ ಸೋಸುತ್ತಿದ್ದ ನನ್ನ ಅತ್ತೆಯದು.

ಆ ಕಾಲದಲ್ಲಿ ನಮ್ಮ ಮೀರತ್‌ನ ಅರ್ಧ ಊರು ಕಾದಂಬರಿ ಬರೆಯುತ್ತಿತ್ತು, ಉಳಿದರ್ಧ ಅವನ್ನು ಹೊಲಿದು ರಟ್ಟು ಕಟ್ಟುತ್ತಿತ್ತು ಎನ್ನುತ್ತಾರೆ. ನಮ್ಮ ಮಾವ, ಬಾಬೂಜಿ, ಹಗಲು ಕಬ್ಬಿನ ಸೊಸೈಟಿಯಲ್ಲಿ ಗುಮಾಸ್ತ. ಸಂಜೆ ತರಾನಾ ಸೋಲಂಕಿ. ಆ ಹೆಸರು ಪ್ರಕಾಶಕರ ಆಸ್ತಿ. ಹೆಂಗಸಿನ ಹೆಸರಿದ್ದರೆ ಹೆಚ್ಚು ಮಾರಾಟವಾಗುತ್ತದೆಂದು ಹುಟ್ಟಿಸಿದ್ದರು. ಮೂರನೇ ಪುಸ್ತಕದಿಂದ ನಲವತ್ತಮೂರನೆಯದರವರೆಗೆ ಬರೆದವರು ಬಾಬೂಜಿ. ಹೆಸರಿದ್ದರೆ ಸಾಲದು, ಮುಖವೂ ಬೇಕೆಂದು ಪ್ರಕಾಶಕರು ಹಟ ಹಿಡಿದಾಗ ಬಾಬೂಜಿ ಹೆಂಡತಿಯನ್ನೇ ಸ್ಟುಡಿಯೋಗೆ ಕರೆದೊಯ್ದರು. ಕನ್ನಡಕ ಫೋಟೋದವನದು. ರವಿಕೆ ಪಕ್ಕದ ಮನೆಯವಳದು. ಮುಖ ಅರ್ಧ ಮುಚ್ಚಿದೆ, ಯಾರಿಗೂ ಗೊತ್ತಾಗದು ಎಂದು ಬಾಬೂಜಿ ಧೈರ್ಯ ಹೇಳಿದ್ದರಂತೆ. ನಿಜಕ್ಕೂ ಯಾರಿಗೂ ಗೊತ್ತಾಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಕನ್ನಡಕವಿಲ್ಲದೆ ಓಡಾಡುವ ಕೈಲಾಶವತಿ ಕೌಶಿಕ್‌ಳನ್ನು ಯಾರು ಗುರುತಿಸುತ್ತಾರೆ?

ಈಗ ಡಾಕ್ಟರು ಮತ್ತೆ ಕನ್ನಡಕ ಹಾಕಿಸಿದ್ದರು. ಬರುವ ಬೀಗರಾದರೂ ಎಂಥವರು? ಹುಡುಗನ ತಂದೆ ಬ್ರಿಜ್‌ನಂದನ್ ವಶಿಷ್ಠರು ಇಂಟರ್ ಕಾಲೇಜಿನ ಪ್ರಿನ್ಸಿಪಾಲರು. ಹಿಂದೊಂದು ಸಂಬಂಧವನ್ನು, ಹುಡುಗಿಯ ಚಿಕ್ಕಪ್ಪ ಮದುವೆಮನೆಗಳಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆಂಬ ಕಾರಣಕ್ಕೇ ಬಿಟ್ಟವರು. ವರ್ತಿಕಾ ಮತ್ತು ಅವರ ಮಗ ಸಾರ್ಥಕ್ ಬಿ.ಎಡ್‌ನಲ್ಲಿ ಒಟ್ಟಿಗೆ ಓದಿದವರು. ಹುಡುಗಿ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಆ ವಾರವಿಡೀ ಹಾಲು ಉಕ್ಕಿಸಿದಳು, ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು ತಾನು ಕಲಿಸುವ ಶಾಲೆಗೆ ಹೋಗಿಬಂದಳು. ತಾಯಿಗೆ ಅಷ್ಟು ಸಾಕು.

ಶನಿವಾರ ನಾನು ಅಮ್ಮಾಜಿಯ ಹತ್ತಿರ ಕೂತು, ಜ್ವರವೆಂದು ಹೇಳಿ ಒಳಕೋಣೆಯಲ್ಲಿ ಮಲಗಿಕೊಳ್ಳಬಹುದೇ ಎಂದು ಹೇಗೋ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಹುಡುಗಿಗೆ ಒಳ್ಳೆಯದಾಗುವುದಿದ್ದರೆ ಮಲಗುತ್ತೇನೆ ಅಂದರು. ಒಪ್ಪದವಳು ವರ್ತಿಕಾ. ಅಜ್ಜಿ ಅಂಗಳದಲ್ಲಿ ಕೂರದಿದ್ದರೆ ತಾನೂ ಚಹಾ ಹಿಡಿದು ಬರುವುದಿಲ್ಲ ಎಂದಳು. ಕೊನೆಗೆ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ಮೂಲೆಯ ಮಂಚದಲ್ಲಿ, ಬಿಸಿಲಿಗೆ ಬೆನ್ನು ಹಾಕಿ ಕೂರುವುದೆಂದು ತೀರ್ಮಾನವಾಯಿತು.

ಭಾನುವಾರ ಹನ್ನೊಂದಕ್ಕೆ ಅವರು ಬಂದರು. ಪ್ರಿನ್ಸಿಪಾಲರು, ಮಾತು ಕಡಿಮೆಯ ಅವರ ಹೆಂಡತಿ, ಸಾರ್ಥಕ್, ಜೊತೆಗೆ ಪ್ರಿನ್ಸಿಪಾಲರ ತಾಯಿ ಶರ್ಬತಿ ದೇವಿ. ಎಂಬತ್ತು ದಾಟಿದ ಸಣಕಲು ಮುದುಕಿ, ಕಣ್ಣು ಮಾತ್ರ ಗಿಡುಗನದು. ಬಟಾಣಿ ಕಚೋರಿ, ಎಳ್ಳು ಬೆಲ್ಲದ ಗಜಕ್ ಬಡಿಸಿದೆ. ಪ್ರಿನ್ಸಿಪಾಲರು ನನ್ನ ಗಂಡನ ಜೊತೆ ಶಿಸ್ತಿನ ಬಗ್ಗೆ ಮಾತಾಡಿದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಬಿಸಿಲು ಸರಿಯುತ್ತದೆಂಬುದನ್ನು ನಾನು ಮರೆತಿದ್ದೆ. ಅದು ಅಮ್ಮಾಜಿಯ ಮುಖಕ್ಕೆ ಬಂತು. ಅವರು ಬಿಸಿಲು ಚುರುಕಾಯಿತೆಂದು ಸೆರಗನ್ನು ಸ್ವಲ್ಪ ಹಿಂದೆ ಸರಿಸಿದರು.

ಶರ್ಬತಿ ದೇವಿಯ ಕೈಯ ಕಚೋರಿ ಬಾಯಿಯವರೆಗೆ ಹೋಗಿ ನಿಂತಿತು.

“ಬೆಹನ್‌ಜೀ, ನಿಮ್ಮನ್ನ ಎಲ್ಲೋ ನೋಡಿದೀನಲ್ಲ.”

ಗಢದ ಜಾತ್ರೆಯ ಗಂಗಾಸ್ನಾನದಲ್ಲಿ ನೋಡಿರಬಹುದು ಎಂದು ನಾನು ನಡುವೆ ಬಾಯಿ ಹಾಕಿದೆ.

“ಗಂಗೆ ದಂಡೇಲಿ ಕೂದಲು ಬಿಚ್ಚಿ, ಗಲ್ಲಕ್ಕೆ ಪೆನ್ನು ಇಟ್ಕೊಂಡು ಯಾರು ನಿಂತಿರ್ತಾರೆ ಬಹೂ?”

ನನ್ನ ಗಂಡ ಕಚೋರಿ ತಟ್ಟೆಯನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡತೊಡಗಿದರು. ನಾನು ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಅಮ್ಮಾಜಿ ಶಾಂತವಾಗಿ ಹೇಳಿಬಿಟ್ಟರು.

“ಪುಸ್ತಕದ ಹಿಂದೆ ನೋಡಿರ್ತೀರಿ. ತರಾನಾ ಸೋಲಂಕಿ ಅಂತ ಇತ್ತು. ಬರೆದಿದ್ದು ನಮ್ಮೆಜಮಾನ್ರು, ಮುಖ ನಂದು.”

ಪ್ರಿನ್ಸಿಪಾಲರು ನೀರಿನ ಲೋಟ ಕೆಳಗಿಟ್ಟರು. ಪರೀಕ್ಷೆಯಲ್ಲಿ ಚೀಟಿ ಸಿಕ್ಕವನನ್ನು ಕೇಳುವ ಧ್ವನಿಯಲ್ಲಿ, ಅಂದರೆ ಆ ಪುಸ್ತಕಗಳೇ, ಎಂದು ಕೇಳಿದರು. ಅವೇ ಎಂದರು ಅಮ್ಮಾಜಿ. ಬಾಗಿಲ ಹಿಂದೆ ವರ್ತಿಕಾಳ ಬಳೆ ಸದ್ದು ನಿಂತಿತು.

ಶರ್ಬತಿ ದೇವಿ ಮಾತ್ರ ನಂಬಲಿಲ್ಲ. ಆ ಕಾಲದಲ್ಲಿ ಒಂದೊಂದು ಸ್ಟೇಷನ್ನಿನ ಪುಸ್ತಕದಂಗಡಿಯಲ್ಲೂ ಒಬ್ಬೊಬ್ಬಳು ತರಾನಾ ಇದ್ದಳಂತೆ. ಯಾವಳೋ ಕನ್ನಡಕ ಹಾಕಿಕೊಂಡು ನಿಂತರೆ ಖೋಟಾ ಪುಸ್ತಕ ಸಿದ್ಧ. ಎರಡು ಸಲ ತಾವೇ ಮೋಸಹೋಗಿದ್ದರು. “ನೀವೇ ನಿಜವಾದವರಾದ್ರೆ ಇದನ್ನ ಹೇಳಿ. ‘ಏಳನೇ ಸುತ್ತಿನ ಹೆಣ’ದಲ್ಲಿ ಆ ಕುದುರೆ ಎಲ್ಲಿಂದ ಬಂತು?”

ಅಮ್ಮಾಜಿ ನಕ್ಕರು. ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ನಾನು ಬಾಬೂಜಿ ತೀರಿಕೊಂಡ ಮೇಲೆ ಕೇಳಿರಲಿಲ್ಲ. ಆಮೇಲೆ ವಿವರಿಸಿದರು. ಆಗೆಲ್ಲ ಮುಖಪುಟದ ಚಿತ್ರವೇ ಮೊದಲು ತಯಾರಾಗುತ್ತಿತ್ತು, ಕಥೆ ಆಮೇಲೆ. ಚಿತ್ರಗಾರ ಕಥೆ ಓದುತ್ತಿರಲಿಲ್ಲ, ಓದಲು ಕಥೆಯೇ ಇರುತ್ತಿರಲಿಲ್ಲ. ಆ ಸಲ ಅವನಿಗೆ ಕುದುರೆ ಬರೆಯುವ ಮನಸ್ಸಾಯಿತು. ಬಾಬೂಜಿ ಚಿತ್ರ ನೋಡುವಷ್ಟರಲ್ಲಿ ಎಂಟು ಅಧ್ಯಾಯ ಅಚ್ಚಾಗಿಹೋಗಿತ್ತು. ಸಕ್ಕರೆ ಗಿರಣಿಯ ಕೊಲೆಯ ಕಥೆ, ಎಲ್ಲರೂ ಮೋಟಾರಿನಲ್ಲಿ ಓಡಾಡುವವರು. ಕುದುರೆ ನೋಡಿ ಕೊಂಡವನಿಗೆ ಕುದುರೆ ಕೊಡಬೇಕು ಎಂದು ಪ್ರಕಾಶಕರು ಕಡ್ಡಿ ಮುರಿದಂತೆ ಹೇಳಿದರು.

“ಅದಕ್ಕೇ ಒಂಬತ್ತರಲ್ಲಿ ಬಂತು. ಮೇವು ಹಾಕೋಕೆ ಪುಟ ಇರ್ಲಿಲ್ಲ, ಹತ್ತರಲ್ಲಿ ಕಳಿಸಿಬಿಟ್ರು.”

ಶರ್ಬತಿ ದೇವಿ ತೊಡೆ ತಟ್ಟಿಕೊಂಡು ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ಆಮೇಲೆ ಸೊಸೆಯ ಮುಂದೆ, ಮಗನ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಮೈದುನನ ಕೈಯಲ್ಲಿ ಬಸ್‌ಸ್ಟ್ಯಾಂಡಿನ ಬಾಡಿಗೆ ಅಂಗಡಿಯಿಂದ ತರಿಸಿ, ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು ಓದುತ್ತಿದ್ದರಂತೆ. ಅವರು ಓದಿದ ಮೇಲೆ ಓಣಿಯ ಆರು ಮನೆ ಸುತ್ತಿ, ಹಾಳೆಯ ಸಂದಿಯೆಲ್ಲ ಹಿಟ್ಟು ತುಂಬಿಕೊಂಡು ಪುಸ್ತಕ ವಾಪಸ್ ಹೋಗುತ್ತಿತ್ತು. ಅತ್ತೆ ಸೊಸೆಯರ ಜಗಳ ಅಷ್ಟು ಸರಿಯಾಗಿ ಗಂಡಸಿಗೆ ಹೇಗೆ ಗೊತ್ತಾಯಿತೆಂದು ಕೇಳಿದರು. ಅದೆಲ್ಲ ತಾನು ರೊಟ್ಟಿ ಲಟ್ಟಿಸುತ್ತ ಹೇಳಿಕೊಟ್ಟದ್ದು ಎಂದರು ಅಮ್ಮಾಜಿ. ಶರ್ಬತಿ ದೇವಿ ದನಿ ತಗ್ಗಿಸಿ, ಮತ್ತೆ ಆ ಬೇರೆ ಪುಟಗಳು, ಎಂದರು.

“ಅವನ್ನ ಬರೆಯೋವಾಗ ನನ್ನ ಕೇಳ್ತಿರ್ಲಿಲ್ಲ. ಕೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಪ್ರಿನ್ಸಿಪಾಲರು ಎದ್ದರು. ಮಕ್ಕಳ ಮುಂದೆ ಆಡುವ ಮಾತಲ್ಲ ಇದು ಎಂದರು. ಜಗಲಿಯ ಹತ್ತಿರ ಹೋಗಿ ಒಂದು ಕಾಲಿಗೆ ಬೂಟು ಹಾಕಿಕೊಂಡು, ಮನೆಯಲ್ಲಿ ಯೋಚಿಸಿ ತಿಳಿಸುತ್ತೇವೆ ಎಂದರು. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ. ಸಾರ್ಥಕ್ ತಲೆ ತಗ್ಗಿಸಿದ. ಚಹಾದ ತಟ್ಟೆ ಹಿಡಿದು ಬಂದಿದ್ದ ನನ್ನ ಹುಡುಗಿ ಅಂಗಳದ ನಡುವೆ ಹಾಗೇ ನಿಂತಿದ್ದಳು. ನಾನು ಹೋಗಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡೆ.

ಶರ್ಬತಿ ದೇವಿ ಕೂತಲ್ಲಿಂದ ಅಲುಗಲಿಲ್ಲ. ಅವರಿಗೆ ಇನ್ನೊಂದು ಪ್ರಶ್ನೆಯಿತ್ತು. ನಲವತ್ತಮೂರನೇ ಪುಸ್ತಕದ ಕೊನೆಯ ಪುಟದಲ್ಲಿ ಪತ್ತೇದಾರಿಣಿ ಚಂಚಲ್ ರಾಣಿ ರೈಲಿನ ಬೋಗಿ ಹತ್ತುತ್ತಾಳೆ, ವಾರಸುದಾರರಿಲ್ಲದ ಟ್ರಂಕಿನ ಮುಚ್ಚಳ ತೆಗೆಯುತ್ತಾಳೆ, ಕಿರುಚುತ್ತಾಳೆ. ಅಲ್ಲಿಗೆ ಮುಗಿಯಿತು. ನಲವತ್ತನಾಲ್ಕನೆಯದು ಬರಲೇ ಇಲ್ಲ. ಟ್ರಂಕಿನಲ್ಲಿ ಏನಿತ್ತು?

ಬಾಬೂಜಿಗೂ ಗೊತ್ತಿರಲಿಲ್ಲ ಎಂದು ಅಮ್ಮಾಜಿ ನಿಜವನ್ನೇ ಹೇಳಿದರು. ಮೊದಲು ಕಿರುಚಿಸುವುದು, ಕಾರಣ ಆಮೇಲೆ ಹುಡುಕುವುದು ಅವರ ಪದ್ಧತಿ. ಹುಡುಕುವ ಮೊದಲೇ ಮನೆಮನೆಗೆ ಟಿವಿ ಬಂದು ಪ್ರಕಾಶಕರು ಅಂಗಡಿ ಮುಚ್ಚಿದರು.

“ಮೂವತ್ತು ವರ್ಷದ ಮೇಲಾಯ್ತು ಬೆಹನ್‌ಜೀ,” ಎಂದರು ಶರ್ಬತಿ ದೇವಿ. ಅವರ ಮುಖ ಸಣ್ಣದಾಗಿತ್ತು. “ಹಿಟ್ಟಿನ ಡಬ್ಬಿ ತೆಗೆದಾಗೆಲ್ಲ ಆ ಟ್ರಂಕು ಕಣ್ಮುಂದೆ ಬರ್ತದೆ.”

ಅಮ್ಮಾಜಿ ಅವರನ್ನು ನೋಡಿದರು. ವರ್ತಿಕಾಳನ್ನು ನೋಡಿದರು. ಒಂದು ಕಾಲಿಗೆ ಬೂಟು ಹಾಕಿ ನಿಂತ ಪ್ರಿನ್ಸಿಪಾಲರನ್ನೂ ನೋಡಿದರು. ಆಮೇಲೆ ಮಂಚದ ಮೇಲೆ ಕಾಲು ಮಡಚಿ ಕೂತು ಹೇಳತೊಡಗಿದರು.

ಟ್ರಂಕಿನಲ್ಲಿ ಹೆಣವಿರಲಿಲ್ಲ. ಇದ್ದವಳು ಇನ್ನೊಬ್ಬ ಚಂಚಲ್ ರಾಣಿ. ಅದೇ ಮುಖ, ಅದೇ ಸೀರೆ, ಕೈಯಲ್ಲಿ ಅರ್ಧ ತಿಂದ ಗಜಕ್. ಕಿರುಚಿದವಳನ್ನು ನೋಡಿ ಅವಳು, ಮುಚ್ಚಳ ಹಾಕು, ಚಳಿಯಾಗುತ್ತಿದೆ ಎಂದಳು. ರೈಲು ಮುಂದೆ ಹೊರಟಿತು. ಗಾರ್ಡ್ ಬಂದ. ಟಿಕೆಟ್ ಒಂದೇ, ಚಂಚಲ್ ರಾಣಿಯರು ಇಬ್ಬರು. ಅಮ್ಮಾಜಿ ಇಬ್ಬರ ಜಗಳವನ್ನೂ ಎರಡು ಧ್ವನಿಯಲ್ಲಿ ಆಡಿ ತೋರಿಸಿದರು. ಪ್ರಿನ್ಸಿಪಾಲರ ಮಾತಿಲ್ಲದ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

“ಒಂದು ನಿಮಿಷ,” ಎಂದರು ಪ್ರಿನ್ಸಿಪಾಲರು. “ಹಾಗಾದ್ರೆ ಮುಜಫ್ಫರ್‌ನಗರದ ಬಂಗಲೇಲಿ ಗುಂಡು ತಿಂದವಳು ಯಾರು?”

ಅಂಗಳದಲ್ಲಿ ಯಾರೂ ಬಂಗಲೆಯ ಮಾತೆತ್ತಿರಲಿಲ್ಲ. ಎಲ್ಲರೂ ಅವರ ಕಡೆ ತಿರುಗಿದೆವು. ಅವರ ಕಿವಿ ಕೆಂಪಾಯಿತು. ಬಿ.ಎ. ಓದುವಾಗ ರಜೆಗೆ ಬಂದಿದ್ದೆ, ಒಮ್ಮೆ ಹಿಟ್ಟು ತೆಗೆಯಲು ಹೋದಾಗ ಪುಸ್ತಕ ಕಣ್ಣಿಗೆ ಬಿತ್ತು, ಎಂದು ತೊದಲಿದರು.

“ನಮ್ಮನೆ ಗಂಡಸರು ಯಾವತ್ತೋ ಹಿಟ್ಟು ತೆಗೆದಿದ್ದು?” ಎಂದರು ಅವರ ತಾಯಿ.

ಮೊದಲು ನಕ್ಕವನು ಸಾರ್ಥಕ್. ತಂದೆಯ ಮುಂದೆ ಅವನು ಹಾಗೆ ನಕ್ಕದ್ದು ಅದೇ ಮೊದಲಿರಬೇಕು. ಪ್ರಿನ್ಸಿಪಾಲರು ಬೂಟು ಬಿಚ್ಚಿ, ಬಂದು ಕುರ್ಚಿಯ ತುದಿಯಲ್ಲಿ ಕೂತು, ನಾನು ಬಡಿಸಿದ ಕಚೋರಿಯನ್ನು ಬೇಡವೆನ್ನದೆ ತೆಗೆದುಕೊಂಡರು. ಗುಂಡು ತಿಂದವಳು ಯಾರೆಂದು ಮತ್ತೆ ಕೇಳಿದರು, ಈ ಸಲ ಮೆಲ್ಲಗೆ.

“ಅದು ಮನೆಯವರಿಗೆ ಮಾತ್ರ ಹೇಳೋ ವಿಷಯ,” ಎಂದರು ಅಮ್ಮಾಜಿ.

ಶರ್ಬತಿ ದೇವಿ ತಡಮಾಡಲಿಲ್ಲ. ವರ್ತಿಕಾಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಬಾಯಿಗೆ ಒಂದು ತುಂಡು ಗಜಕ್ ಇಟ್ಟು, ಸೊಂಟದ ಚೀಲದಿಂದ ಬೆಳ್ಳಿಯ ರೂಪಾಯಿ ತೆಗೆದು ಅಂಗೈಯಲ್ಲಿಟ್ಟು ಮುಚ್ಚಿದರು. ನಮ್ಮ ಕಡೆ ಅಷ್ಟಾದರೆ ಸಂಬಂಧ ಗಟ್ಟಿಯಾದಂತೆ. ಈಗ ನಾವು ಮನೆಯವರು, ಹೇಳಿ, ಎಂದರು. ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ದಿನ ಹೇಳುತ್ತೇನೆ ಎಂದು ಅಮ್ಮಾಜಿ ಸೆರಗು ಸರಿಮಾಡಿಕೊಂಡರು. ಪ್ರಿನ್ಸಿಪಾಲರು ಹೆಂಡತಿಯ ಕಡೆ ತಿರುಗಿ, ಖರ್‌ಮಾಸ ಕಳೆದ ಮೇಲಿನ ಮೊದಲ ಮುಹೂರ್ತವೇ ಆಗಲಿ, ಸುಮ್ಮನೆ ಎಳೆಯುವುದು ಬೇಡ ಎಂದರು.

ಅವರ ಕಾರು ಓಣಿ ದಾಟಿದ ಮೇಲೆ ವರ್ತಿಕಾ ಅಜ್ಜಿಯನ್ನು ತಬ್ಬಿಕೊಂಡು ಒಂದಿಷ್ಟು ಅತ್ತಳು, ಒಂದಿಷ್ಟು ಕುಣಿದಳು. ನಾನು ಪಾತ್ರೆ ತೊಳೆದು, ಸಂಜೆಯ ಪಲ್ಯಕ್ಕೆ ಬಟಾಣಿ ಸುಲಿಯುತ್ತ ಅಮ್ಮಾಜಿಯ ಪಕ್ಕ ಕೂತೆ. ಗುಂಡು ತಿಂದವಳು ಯಾರು ಎಂದು ನಾನೂ ಕೇಳಿದೆ. ತನಗೇನು ಗೊತ್ತು ಎಂದರು. ಅವರೂ ಬಟಾಣಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿಗೆ, “ನಿನಗೇನನ್ನಿಸ್ತದೆ ಬಹೂ?” ಎಂದರು.

ನಾನು ಯೋಚಿಸಿದೆ. ಚಂಚಲ್ ರಾಣಿಯ ನಾದಿನಿ ಇರಬಹುದು ಎಂದೆ.

ಅಮ್ಮಾಜಿ ಎರಡು ಕಾಯಿ ಸುಲಿದು ಕಾಳು ಬಟ್ಟಲಿಗೆ ಹಾಕಿದರು.

“ಬೇಡ. ಅವಳಿಗೆ ಸಣ್ಣ ಮಕ್ಕಳಿದಾವೆ.”